ಯಾರು ನೋಡಿದರು? ಬಂಡಿ ದಾರಿಯಿಂದ ಡ್ಯಾಶ್‌ಕ್ಯಾಮ್‌ವರೆಗೆ ರಸ್ತೆ ಸಾಕ್ಷಿಯ ಕಥೆ

ನಮ್ಮ ಐನಾಪುರ ಕಡೆ ರಸ್ತೆ ಮೇಲೆ ಅಪಘಾತ ಆಯಿತು ಅಂದರೆ ಐದೇ ನಿಮಿಷದಲ್ಲಿ ಜನ ಸೇರುತ್ತಾರೆ. ಒಬ್ಬರು ನೀರು ತರುತ್ತಾರೆ, ಒಬ್ಬರು 108ಕ್ಕೆ ಫೋನ್ ಹಚ್ಚುತ್ತಾರೆ, ಇನ್ನೊಬ್ಬರು ಬಿದ್ದ ಬೈಕ್ ಎತ್ತಿ ಬದಿಗೆ ನಿಲ್ಲಿಸುತ್ತಾರೆ. ಪೊಲೀಸರು ಬಂದ ಮೇಲೆ ಮೊದಲ ಪ್ರಶ್ನೆ ಬರುತ್ತದೆ.

"ಯಾರ್ ನೋಡ್ಯಾರ?"

ಆಗ ಗುಂಪು ಕರಗುತ್ತದೆ. "ಕಾಕಾ, ನೀವ್ ನೋಡಿರೇನ್ರೀ?" ಅಂದರೆ "ಇಲ್ಲಪಾ, ನಾ ಸಪ್ಪಳ ಕೇಳಿ ಓಡಿ ಬಂದೆ" ಎಂಬ ಉತ್ತರ. ಗುದ್ದಿದ ಲಾರಿ ಅಷ್ಟೊತ್ತಿಗೆ ಸೇಡಂ ದಾಟಿರುತ್ತದೆ, ಇಲ್ಲವೇ ತೆಲಂಗಾಣದ ಗಡಿ ದಾಟಿರುತ್ತದೆ. ಅದರ ನಂಬರ್ ಯಾರ ಬಳಿಯೂ ಇರುವುದಿಲ್ಲ.

ಕಾರಿನ ಮುಂದಿನ ಗಾಜಿಗೆ ಅಂಟಿಸುವ ಪುಟ್ಟ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್ ಬಗ್ಗೆ ಬರೆಯಲು ನಾವು ಕೂತಾಗ ಮೊದಲು ನೆನಪಾದದ್ದು ಈ ಪ್ರಶ್ನೆಯೇ. ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದಕ್ಕಿಂತ ಮೊದಲು, ಅದು ಯಾಕೆ ಬೇಕಾಯಿತು ಎಂಬ ಇತಿಹಾಸ ತಿಳಿಯಬೇಕು. ಅದು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಎತ್ತಿನ ಗುರುತು, ಮೋಟಾರಿನ ನಂಬರ್

ಎತ್ತಿನ ಬಂಡಿಗಳ ಕಾಲದಲ್ಲಿ ದಾರಿಗೆ ಸಾಕ್ಷಿ ಬೇಕಾಗುತ್ತಿರಲಿಲ್ಲ. ಬಂಡಿ ಹಾಯ್ದರೆ ಅದು ಯಾರ ಬಂಡಿ, ಯಾರ ಎತ್ತು ಅಂತ ಊರಿಗೆಲ್ಲ ಗೊತ್ತು. ತಂಟೆ ಪೊಲೀಸ್ ಪಾಟೀಲರ ಕಟ್ಟೆಯಲ್ಲೋ, ಹಿರಿಯರ ಮುಂದೆಯೋ ತೀರುತ್ತಿತ್ತು.

ಮೋಟಾರು ಬಂದ ಮೇಲೆ ಇದು ಬದಲಾಯಿತು. ನಮ್ಮ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ ಕೇವಲ 27 ಬಸ್ಸುಗಳೊಂದಿಗೆ ಶುರುವಾಯಿತು. ವಾಹನ ಹೆಚ್ಚಿದಂತೆ ಒಂದು ಹೊಸ ಸಂಗತಿ ಹುಟ್ಟಿತು: ಗುದ್ದಿದವನು ಯಾರೆಂದು ಊರಿಗೆ ಗೊತ್ತಿಲ್ಲ, ಗೊತ್ತಾಗುವ ಮೊದಲೇ ಅವನು ಹತ್ತು ಮೈಲಿ ದೂರ.

ಇದಕ್ಕೆ ಕಾಯ್ದೆ ಕೊಟ್ಟ ಉತ್ತರ ನಂಬರ್ ಪ್ಲೇಟ್ ಮತ್ತು ವಿಮೆ. ಬ್ರಿಟಿಷ್ ಭಾರತದಲ್ಲಿ 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ, 1939ರಲ್ಲಿ ಎರಡನೆಯದು ಬಂದವು. ಪರರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ ಎಂಬ ನಿಯಮ 1946ರಲ್ಲಿ ಜಾರಿಯಾಯಿತು. ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿ ಸ್ಥಾಪಿಸುವ ತಿದ್ದುಪಡಿ 1956ರಲ್ಲಿ ಆಯಿತು. ನಮ್ಮ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿದ್ದೂ ಅದೇ ವರ್ಷ. ಈಗಿನ ಕಾಯ್ದೆ 1988ರದ್ದು, ಜಾರಿಗೆ ಬಂದದ್ದು 1989ರ ಜುಲೈ 1ರಂದು. ನಾವು ದಿನಾ ನೋಡುವ ಕೆಎ-32 ಅಂಥ ಗುರುತುಗಳೂ ಆ ಕಾಲದವೇ.

ಈ ಏರ್ಪಾಡೆಲ್ಲ ಒಂದೇ ಕಂಬದ ಮೇಲೆ ನಿಂತಿದೆ: ಗುದ್ದಿದ ವಾಹನದ ನಂಬರ್ ಗೊತ್ತಿರಬೇಕು. ನಂಬರ್ ಇದ್ದರೆ ವಿಮಾ ಕಂಪನಿ ಸಿಗುತ್ತದೆ. ನಂಬರ್ ಇಲ್ಲದಿದ್ದರೆ ವಿಮೆ ಇದ್ದೂ ಇಲ್ಲದಂತೆ.

ನಂಬರ್ ಸಿಗದಿದ್ದರೆ ಜೀವದ ಬೆಲೆ ಎಷ್ಟು?

ಗುದ್ದಿ ಓಡಿಹೋದ ವಾಹನ ಸಿಗದೇ ಹೋದರೆ ಸತ್ತವರ ಮನೆಯವರಿಗೆ ಏನೂ ಸಿಗುತ್ತಿರಲಿಲ್ಲ. 1982ರ ತಿದ್ದುಪಡಿ ಮೊದಲ ಬಾರಿಗೆ ಸರ್ಕಾರಿ ನಿಧಿಯಿಂದ ಸ್ವಲ್ಪ ಹಣ ಕೊಡಿಸಿತು. ಸಾವಿಗೆ 5,000 ರೂಪಾಯಿ, ತೀವ್ರ ಗಾಯಕ್ಕೆ 1,000. ಕಾಯ್ದೆ 1988ರಲ್ಲಿ ಇದನ್ನು 8,500 ಮತ್ತು 2,000 ಮಾಡಿತು. 1994ರಲ್ಲಿ 25,000 ಮತ್ತು 12,500 ಆಯಿತು. ಆ ಮೊತ್ತ ಸುಮಾರು 28 ವರ್ಷ ಅಲ್ಲೇ ನಿಂತಿತು. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿಯ ವಿಚಾರಣೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದಲ್ಲಿ ನಡೆಯುತ್ತದೆ, ಮಂಜೂರಾತಿ ಜಿಲ್ಲಾಧಿಕಾರಿಯದು. ಈ ಹಕ್ಕು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರಿಗೆ ತಿಳಿಸಿ.

ಈಗ ನಂಬರ್ ಸಿಕ್ಕಿದ್ದರೆ ಏನಾಗುತ್ತಿತ್ತು ನೋಡಿ. ಪರಿಹಾರ ಲೆಕ್ಕ ಹಾಕುವ ರೀತಿಯನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಗೊತ್ತುಮಾಡಿದೆ. ತಿಂಗಳಿಗೆ 10,000 ದುಡಿಯುವ 35 ವರ್ಷದ ಗೌಂಡಿಯೊಬ್ಬ ಎಂದುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನಂಬಿದ್ದಾರೆ. ಮುಂದಿನ ಗಳಿಕೆಗೆಂದು 40 ಶೇಕಡಾ ಸೇರಿಸಿದರೆ 14,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 10,500. ಅದನ್ನು 12 ತಿಂಗಳಿಗೆ, ಆಮೇಲೆ ಅವನ ವಯಸ್ಸಿಗೆ ಗೊತ್ತಾದ 16ಕ್ಕೆ ಗುಣಿಸಿದರೆ 20,16,000 ರೂಪಾಯಿ. ಅಂತ್ಯಕ್ರಿಯೆ ವೆಚ್ಚ ಮುಂತಾದವು ಇದರ ಮೇಲೆ.

ಒಂದು ಕಡೆ 2 ಲಕ್ಷ, ಇನ್ನೊಂದು ಕಡೆ 20 ಲಕ್ಷ. ನಡುವಿನ ವ್ಯತ್ಯಾಸ ಓದಲು ಬರುವ ಒಂದು ನಂಬರ್ ಪ್ಲೇಟ್. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಸತ್ತದ್ದು ಗುದ್ದಿ ಓಡಿದ ಪ್ರಕರಣಗಳಲ್ಲಿ.

ನೋಡಿದವರು ಯಾಕೆ ಬಾಯಿ ಬಿಡುವುದಿಲ್ಲ?

ನೋಡಿದವರು ಇರುವುದೇ ಇಲ್ಲ ಅಂತಲ್ಲ. ಸಾಕ್ಷಿ ಹೇಳಿದರೆ ಠಾಣೆ, ಕೋರ್ಟು ಅಂತ ಅಲೆಯಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಎದುರು ಪಕ್ಷದವರ ಸಿಟ್ಟು ಬೇರೆ. ಆಸ್ಪತ್ರೆಗೆ ಒಯ್ದವನನ್ನೇ ಹಿಡಿದು ಕೂರಿಸುತ್ತಾರೆ ಎಂಬ ಹೆದರಿಕೆ ನಮ್ಮ ಅಪ್ಪಂದಿರ ಕಾಲದ್ದು.

ಇದನ್ನು ಬಿಡಿಸಲು ಕಾನೂನು ಬಂದದ್ದು ತಡವಾಗಿ. ನೆರವಿಗೆ ಬಂದವರನ್ನು ಪೀಡಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಬಲ ಕೊಟ್ಟಿತು. 2019ರ ತಿದ್ದುಪಡಿ ಅದನ್ನು 134ಎ ಕಲಮಾಗಿ ಮೋಟಾರು ಕಾಯ್ದೆಗೇ ಸೇರಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರು ಹೆಸರು ಹೇಳಲೇಬೇಕು ಅಂತಿಲ್ಲ.

ಚಾಲಕನಿಗೂ ಹೆದರಿಕೆ ಇದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಎನ್ನುವ 134ನೇ ಕಲಮೇ, ಜನರ ಆಕ್ರೋಶದಿಂದ ಅದು ಆಗದಿದ್ದರೆ ಎಂಬ ವಿನಾಯಿತಿಯನ್ನೂ ಬರೆದಿಟ್ಟಿದೆ. ಅಂದರೆ ಏಟು ಬೀಳುತ್ತದೆ ಎಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಎಂಬ ಹೊಸ ನಿಯಮದ ವಿರುದ್ಧ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದು ನೆನಪಿರಬಹುದು. ತಪ್ಪು ಯಾರದೇ ಇರಲಿ, ದೊಡ್ಡ ಗಾಡಿಯವನದೇ ತಪ್ಪು ಅಂತಾರೆ ಎಂಬುದು ಅವರ ದೂರಾಗಿತ್ತು.

ನೋಡಿದವನಿಗೆ ಹೆದರಿಕೆ, ಗುದ್ದಿದವನಿಗೂ ಹೆದರಿಕೆ. ನಡುವೆ ಬಿದ್ದವನ ಕಡೆ ಮಾತಾಡುವವರು ಯಾರು? ಡ್ಯಾಶ್‌ಕ್ಯಾಮ್ ಬಂದು ಕೂರುವ ಜಾಗ ಇದು.

ಕ್ಯಾಮೆರಾ ಗಾಡಿ ಹತ್ತಿದ್ದು

ಓಡುವ ಗಾಡಿಯ ಮುಂದೆ ಕ್ಯಾಮೆರಾ ಇಡುವುದು ಹೊಸದಲ್ಲ. 1907ರಲ್ಲೇ ವಿಲಿಯಂ ಹಾರ್ಬೆಕ್ ಎಂಬುವರು ಕೆನಡಾದ ವಿಕ್ಟೋರಿಯಾ ಮತ್ತು ವ್ಯಾಂಕೂವರ್ ಊರುಗಳಲ್ಲಿ ಟ್ರಾಮಿನ ಮುಂದೆ ಕ್ಯಾಮೆರಾ ಇಟ್ಟು ಬೀದಿಗಳ ಚಿತ್ರ ತೆಗೆದಿದ್ದರು. ಸಾಮಾನ್ಯರ ಕಾರಿಗೆ ಅದು ಬರಬೇಕಾದರೆ ಮೆಮೊರಿ ಕಾರ್ಡ್ ಅಗ್ಗವಾಗಬೇಕಿತ್ತು.

ಅದು ಮೊದಲು ದೊಡ್ಡದಾಗಿ ಹಬ್ಬಿದ ದೇಶಗಳಲ್ಲಿ ರಷ್ಯಾ ಒಂದು. ಅಲ್ಲಿ ವಿಮೆ ಹಣಕ್ಕಾಗಿ ಬೇಕಂತಲೇ ಗಾಡಿಗೆ ಅಡ್ಡ ಬಂದು ಬೀಳುವವರ ಕಾಟ ಇತ್ತು. 2013ರ ಫೆಬ್ರವರಿ 15ರಂದು ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ, ಅದರ ವಿಡಿಯೊಗಳು ಜಗತ್ತಿಗೆಲ್ಲ ಸಿಕ್ಕಿದ್ದು ದಾರಿ ಮೇಲಿದ್ದ ಕಾರುಗಳ ಡ್ಯಾಶ್‌ಕ್ಯಾಮ್‌ಗಳಿಂದ. ನಮ್ಮಲ್ಲಿ 2023ರ ಜುಲೈನಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್ ಅಂಥ ಚಿಕ್ಕ ಕಾರಿನ ಮೇಲಿನ ಮಾದರಿಗಳಲ್ಲೂ ಕಂಪನಿಯೇ ಡ್ಯಾಶ್‌ಕ್ಯಾಮ್ ಹಾಕಿ ಕೊಟ್ಟಿತು.

ಕೋರ್ಟು ವಿಡಿಯೊ ನಂಬುತ್ತದೆಯೇ?

ನಂಬುತ್ತದೆ, ಕ್ರಮ ಪ್ರಕಾರ ಕೊಟ್ಟರೆ. 1872ರ ಸಾಕ್ಷ್ಯ ಕಾಯ್ದೆಗೆ ಇಂಥ ದಾಖಲೆಗಳ ನಿಯಮ, ಅಂದರೆ 65ಬಿ ಕಲಂ, ಸೇರಿದ್ದು 2000ದಲ್ಲಿ. ನಕಲು ಕೊಡುವುದಾದರೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಪ್ರಮಾಣಪತ್ರದ ನಮೂನೆಯನ್ನೇ ಕೊಟ್ಟಿದೆ.

ಹಳ್ಳಿಯವರು ನೆನಪಿಡಬೇಕಾದ್ದು ಇಷ್ಟು. ಅಪಘಾತ ಆದ ಮೇಲೆ ಕ್ಯಾಮೆರಾ ಬಂದ್ ಮಾಡಿ ಕಾರ್ಡ್ ತೆಗೆದಿಡಿ. ಇಲ್ಲದಿದ್ದರೆ ಹೊಸ ವಿಡಿಯೊ ಹಳೆಯದನ್ನು ಅಳಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ತುಣುಕನ್ನೇ ನೆಚ್ಚಬೇಡಿ. ಅದು ಕುಗ್ಗಿ ಹೋಗಿ ನಂಬರ್ ಅಳಿಸಿದಂತಾಗುತ್ತದೆ. ಮೂಲ ಕಾರ್ಡ್ ಜೋಪಾನ ಮಾಡಿ, ಪೊಲೀಸರಿಗೆ ಕೊಟ್ಟರೆ ಬರವಣಿಗೆಯಲ್ಲಿ ಸ್ವೀಕೃತಿ ತಗೊಳ್ಳಿ.

ಹಾಗಾದರೆ ಯಾವುದು ಕೊಳ್ಳಬೇಕು?

ನಾವು ಮೊದಲ ಸಲ ಎಡವಿದ್ದೇವೆ. ಅಗ್ಗಕ್ಕೆ ಸಿಕ್ಕ ಒಂದನ್ನು ತರಿಸಿ ಹಳೆಯ ಕಾರಿಗೆ ಹಾಕಿದೆವು. ಡಬ್ಬಿಯ ಮೇಲೆ 4ಕೆ ಅಂತ ಇತ್ತು. ಏಪ್ರಿಲ್ ಬಿಸಿಲಿಗೆ ಒಳಗಿನ ಬ್ಯಾಟರಿ ಉಬ್ಬಿತು. ಅದಕ್ಕೂ ಮೊದಲು ತೆಗೆದ ರಾತ್ರಿ ವಿಡಿಯೊದಲ್ಲಿ ಮುಂದಿನ ಲಾರಿಯ ನಂಬರ್ ಬರೀ ಬಿಳಿ ಪಟ್ಟಿ. ಆ ಪಾಠದಿಂದ ಕಲಿತದ್ದು ಇದು. ಮೂರರಿಂದ ಐದು ಸಾವಿರದ ಒಳಗೆ ಸಾಲುವಷ್ಟು ಒಳ್ಳೆಯದು ಸಿಗುತ್ತದೆ.

1. ಬಿಸಿಲು ತಡೆಯಬೇಕು. ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ನಿಂತ ಕಾರಿನ ಗಾಜಿನ ಹತ್ತಿರ ಇನ್ನೂ ಹೆಚ್ಚು. ಒಳಗೆ ಲಿಥಿಯಂ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರುವುದನ್ನೇ ಕೇಳಿ.

2. ನಂಬರ್ ಓದಲು ಬರಬೇಕು. ನಿಜವಾದ 1080ಪಿ ಸಾಕು, ಸುಳ್ಳು 4ಕೆ ಬೇಡ. ಕೊಳ್ಳುವ ಮೊದಲು ಅದೇ ಮಾಡೆಲ್‌ನ ರಾತ್ರಿ ವಿಡಿಯೊ ಯೂಟ್ಯೂಬ್‌ನಲ್ಲಿ ನೋಡಿ. ನಂಬರ್ ಪ್ಲೇಟ್ ಬೆಳಕನ್ನು ವಾಪಸ್ ಹೊಡೆಯುತ್ತದೆ, ಅಗ್ಗದ ಕ್ಯಾಮೆರಾಗೆ ಅದು ಕುರುಡು ಬೆಳಕು. ಯಾವ ಕ್ಯಾಮೆರಾದಲ್ಲೂ ರಾತ್ರಿ ಪ್ರತಿ ನಂಬರ್ ಸಿಗುವುದಿಲ್ಲ. ಅದಕ್ಕೇ ಓಡುವ ಗಾಡಿಯ ನಂಬರನ್ನು ಬಾಯಿಂದ ಜೋರಾಗಿ ಹೇಳಿ, ಮೈಕ್ ಅದನ್ನು ಹಿಡಿದಿಡುತ್ತದೆ.

3. ಕಾರ್ಡಿನಲ್ಲಿ ಉಳಿತಾಯ ಬೇಡ. ಕ್ಯಾಮೆರಾ ಬರೆದು ಅಳಿಸಿ ಬರೆಯುತ್ತಲೇ ಇರುತ್ತದೆ. ಸಾದಾ ಕಾರ್ಡ್ ಬೇಗ ಸಾಯುತ್ತದೆ. ಹೈ ಎಂಡ್ಯೂರೆನ್ಸ್ ಎಂದು ಬರೆದ 64 ಜಿಬಿ ಕಾರ್ಡ್ ತಗೊಳ್ಳಿ. 1080ಪಿಯಲ್ಲಿ ಸುಮಾರು ಎಂಟು ಹತ್ತು ತಾಸು ಹಿಡಿಯುತ್ತದೆ. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿ.

4. ತಾರೀಖು, ಸಮಯ ಸರಿ ಇರಬೇಕು. ತಪ್ಪು ತಾರೀಖಿನ ವಿಡಿಯೊ ಎದುರು ವಕೀಲರಿಗೆ ಹಬ್ಬ. ಜಿಪಿಎಸ್ ಇದ್ದರೆ ಸಮಯ ತಾನೇ ಸರಿಯಾಗುತ್ತದೆ. ಇಲ್ಲದಿದ್ದರೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವಾಗ ಇದನ್ನೂ ನೋಡಿ.

5. ಜಿ-ಸೆನ್ಸರ್ ಕಡಿಮೆಗೆ ಇಡಿ. ಜೋರಾಗಿ ಕುಲುಕಿದರೆ ಆ ವಿಡಿಯೊ ಅಳಿಯದಂತೆ ಬೀಗ ಬೀಳುತ್ತದೆ. ನಮ್ಮ ತಗ್ಗು ಗುಂಡಿಗೆ ದಿನಾ ಬೀಗ ಬಿದ್ದು ಕಾರ್ಡ್ ತುಂಬಿ, ಬೇಕಾದ ದಿನ ಜಾಗವೇ ಇರುವುದಿಲ್ಲ.

6. ವೈರ್ ಕತ್ತರಿಸಬೇಡಿ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟ್ ಸಾಕು. ಕ್ಯಾಮೆರಾ ಒಳಗನ್ನಡಿಯ ಹಿಂದೆ ಕೂರಲಿ, ಚಾಲಕನ ಕಣ್ಣಿಗೆ ಅಡ್ಡ ಬರಬಾರದು.

ಹಿಂದಿನ ಕ್ಯಾಮೆರಾ, ಫೋನಿಗೆ ಜೋಡಿಸುವ ಆ್ಯಪ್, ನಿಂತಾಗಲೂ ಕಾಯುವ ಪಾರ್ಕಿಂಗ್ ಮೋಡ್ ಇವೆಲ್ಲ ಹಣ ಉಳಿದರೆ ಮಾತ್ರ.

ಇದು ನಿಮ್ಮ ಮೇಲೂ ಸಾಕ್ಷಿ

ಒಂದು ಮಾತು ಹೇಳದೆ ಮುಗಿಸಲಾಗದು. ಡ್ಯಾಶ್‌ಕ್ಯಾಮ್ ಯಾರ ಕಡೆಯದೂ ಅಲ್ಲ. ನೀವು ತಿರುವಿನಲ್ಲಿ ಓವರ್‌ಟೇಕ್ ಮಾಡಿದ್ದು, ಶಾಲೆ ಮುಂದೆ ವೇಗ ಇಳಿಸದೇ ಹೋದದ್ದು, ಎಲ್ಲ ಅದರಲ್ಲಿ ಇರುತ್ತದೆ. ಬಿದ್ದವರ ಮುಖದ ವಿಡಿಯೊ ಗ್ರೂಪಿಗೆ ಹಾಕಬೇಡಿ. ಅದು ಪೊಲೀಸರಿಗೆ, ವಿಮೆಯವರಿಗೆ, ಕೋರ್ಟಿಗೆ ಸೇರಿದ್ದು.

ಹಾಗೇ, ಅಪಘಾತ ನಿಮ್ಮದೇ ಆಗಬೇಕಿಲ್ಲ. ಸಿಮೆಂಟ್ ಲಾರಿ, ಪರಸಿ ಕಲ್ಲಿನ ಟ್ರ್ಯಾಕ್ಟರ್, ತೊಗರಿ ಹೇರಿಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಟ್ರಾಲಿ ಓಡಾಡುವ ರಸ್ತೆಗಳಿವು. ಮುಂದೆ ಬೈಕಿಗೆ ಗುದ್ದಿ ಓಡಿದ ಗಾಡಿ ನಿಮ್ಮ ಕಾರ್ಡಿನಲ್ಲಿ ಇರಬಹುದು. ಆಗ ಗಾಡಿ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ, ಕಾರ್ಡ್ ತೆಗೆದಿಡಿ. "ಯಾರ್ ನೋಡ್ಯಾರ?" ಅಂತ ಕೇಳಿದಾಗ ಮುಂದೆ ಬಂದು ಹೇಳಿ. ನಾಲ್ಕು ಸಾವಿರದ ಕ್ಯಾಮೆರಾ ಗುರುತಿಲ್ಲದ ಒಂದು ಮನೆಗೆ 20 ಲಕ್ಷ ಕೊಡಿಸಬಲ್ಲದು, ಆದರೆ ಅದನ್ನು ಒಯ್ದು ಕೊಡುವವರು ನೀವೇ ಆಗಬೇಕು.