ಭಂಗಿಯ ಗಿಡವೂ ವೈದ್ಯಶಾಸ್ತ್ರವೂ

ಭಂಗಿ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಚಿಲುಮೆ ಸೇದುವ ಬೈರಾಗಿಯ ಚಿತ್ರ, ಇಲ್ಲವೆ ಪೋಲೀಸರು ಕಿತ್ತುಹಾಕಿದ ಗಿಡಗಳ ವರ್ತಮಾನ. ಇದೇ ಗಿಡದ ಸಾರವು ಸುಮಾರು ತೊಂಬತ್ತು ವರ್ಷಗಳ ಕಾಲ ಲಂಡನ್ನಿನ ಔಷಧದಂಗಡಿಗಳಲ್ಲಿ ಮರ್ಯಾದೆಯ ಸ್ಥಾನ ಪಡೆದಿದ್ದಿತೆಂಬುದೂ, ಆ ಸ್ಥಾನವನ್ನು ಅದಕ್ಕೆ ದೊರಕಿಸಿದುದು ಕಲ್ಕತ್ತೆಯ ಆಸ್ಪತ್ರೆಯೆಂಬುದೂ ಬಹುಮಂದಿಗೆ ತಿಳಿಯದ ಸಂಗತಿ. ಅದು ಹೇಗೆ ಬಂದಿತು, ಏಕೆ ಹೋಯಿತು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಗಿಡ ಒಂದೇ; ಅದರ ಎಲೆ ಭಂಗಿ, ಹೆಣ್ಣು ಗಿಡದ ಹೂಗೊಂಚಲು ಗಾಂಜಾ, ಅದರಿಂದ ಒಸರುವ ಅಂಟು ಚರಸ್ಸು. ಹೊಲದಲ್ಲಿ ಹಸಿರುಗೊಬ್ಬರಕ್ಕೆಂದು ಬಿತ್ತುವ ಸೆಣಬು ಬೇರೆ ಕುಲದ್ದು. ನಾವು ಪಲ್ಯ ಮಾಡುವ ಪುಂಡಿಯೂ ಬೇರೆಯೇ. ಆಂಗ್ಲರು ಇವೆಲ್ಲವನ್ನೂ 'ಹೆಂಪ್' ಎಂದು ಕರೆದುದರಿಂದ ಸರಕಾರಿ ಕಡತಗಳನ್ನು ಓದುವವನು ಪದೇ ಪದೇ ಎಡವಬೇಕಾಗುತ್ತದೆ. ಭಂಗಿಯ ಗಿಡದ ತೊಗಟೆಯಲ್ಲಿಯೂ ಗಟ್ಟಿಯಾದ ನಾರುಂಟು. ಯೂರೋಪಿನ ಹಾಯಿಹಡಗುಗಳ ಹಗ್ಗವೂ ಹಾಯಿಯೂ ಬಹುಪಾಲು ಅದರಿಂದಲೇ ಆದುವು. ಕುಮಾಊಂ ಗಢವಾಲಗಳ ಬೆಟ್ಟದ ಜನ ಅದರಿಂದ ಬಟ್ಟೆ ನೇಯ್ದರು, ಬೀಜದ ಚಟ್ನಿ ಅರೆದು ಉಂಡರು. ಎಲ್ಲೋರದ 12ನೆಯ ಗುಹೆಯ ಗೋಡೆಗೆ ಮೆತ್ತಿದ ಮಣ್ಣಿನ ಗಾರೆಯಲ್ಲಿಯೂ ಈ ಗಿಡದ ಚೂರುಗಳು ಬೆರೆತಿರುವುದನ್ನು 2016ರಲ್ಲಿ ಶೋಧಕರು ಪ್ರಕಟಿಸಿದರು.

ವೈದ್ಯದಲ್ಲಿ ಇದರ ಹೆಸರು ವಿಜಯಾ. ಶಾರ್ಙ್ಗಧರ ಸಂಹಿತೆಯು ಇದನ್ನು 'ವ್ಯವಾಯಿ' ದ್ರವ್ಯಕ್ಕೆ, ಎಂದರೆ ಜೀರ್ಣವಾಗುವ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ವಸ್ತುವಿಗೆ, ಉದಾಹರಣೆಯಾಗಿ ಕೊಡುತ್ತದೆ. ಅತಿಸಾರ ಗ್ರಹಣಿಗಳಿಗೆ ಹೇಳಿರುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿಯೇ ಮುಖ್ಯ. ಸೊಪ್ಪನ್ನು ನೀರಿನಲ್ಲಿ ತೊಳೆದು ತುಪ್ಪದಲ್ಲಿ ಹುರಿಯುವ ಪದ್ಧತಿಯುಂಟು. ಇದರ ಸತ್ತ್ವವು ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗತಕ್ಕುದೆಂಬುದನ್ನು ನೆನೆದರೆ ಆ ತುಪ್ಪದ ಅರ್ಥ ಹೊಳೆಯುತ್ತದೆ.

ಪರದೇಶದವರ ಪೈಕಿ ಇದನ್ನು ಮೊದಲಿಗೆ ವಿವರವಾಗಿ ಬರೆದವರಲ್ಲಿ ಗೋವೆಯಲ್ಲಿ ನೆಲಸಿದ್ದ ಪೋರ್ಚುಗೀಸ ವೈದ್ಯ ಗಾರ್ಸಿಯಾ ದ ಓರ್ತಾ ಒಬ್ಬನು. 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಅವನ ಸಂವಾದ ಗ್ರಂಥದಲ್ಲಿ 'ಬಾಂಗೆ'ಗೆ ಒಂದು ಪ್ರಕರಣವೇ ಮೀಸಲು. ಗುಜರಾತಿನ ಸುಲ್ತಾನ ಬಹಾದ್ದೂರನು, ರಾತ್ರಿ ತನಗೆ ಪೋರ್ಚುಗಲ್ಲಿಗೋ ತುರ್ಕಿಗೋ ಅರಬಸ್ಥಾನಕ್ಕೋ ಹೋಗಬೇಕೆನಿಸಿದರೆ ಇದನ್ನಿಷ್ಟು ತಿಂದರೆ ಸಾಕೆಂದು ಹೇಳುತ್ತಿದ್ದನಂತೆ! ಓರ್ತಾ ಈ ವಿನೋದವನ್ನು ಬರೆದನೇ ಹೊರತು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷೆ ಮಾಡಲಿಲ್ಲ.

ಆ ಕೆಲಸಕ್ಕೆ ಇನ್ನೂ ಇನ್ನೂರೆಪ್ಪತ್ತು ವರ್ಷಗಳು ಕಳೆಯಬೇಕಾಯಿತು. ಐರ್ಲೆಂಡಿನ ಲಿಮರಿಕ್ಕಿನಲ್ಲಿ 1809ರಲ್ಲಿ ಹುಟ್ಟಿದ ವಿಲಿಯಂ ಬ್ರೂಕ್ ಓಶಾನಸ್ಸಿ 1833ರಲ್ಲಿ ಕಂಪನಿಯ ವೈದ್ಯನಾಗಿ ಬಂಗಾಳಕ್ಕೆ ಬಂದನು, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾದನು. ಮುಂದೆ ದೇಶಕ್ಕೆಲ್ಲ ತಂತಿಯನ್ನು ಹಾಕಿಸಿದವನೂ ಇವನೇ. ಗಾಂಜಾವನ್ನು ಕುರಿತು ಇವನು ಮೊದಲು ವಿಚಾರಿಸಿದುದು ಪಂಡಿತರನ್ನೂ ಹಕೀಮರನ್ನೂ. ಪಂಡಿತ ಮಧುಸೂದನ ಗುಪ್ತರ ಸಹಾಯವನ್ನು ತನ್ನ ಲೇಖನದಲ್ಲಿ ಒಪ್ಪಿಕೊಂಡಿದ್ದಾನೆ. ಈ ಸೌಜನ್ಯ ಆ ಕಾಲದ ಎಲ್ಲ ದೊರೆಗಳಲ್ಲಿಯೂ ಕಾಣತಕ್ಕುದಲ್ಲ. ತರುವಾಯ ಮೀನು, ನಾಯಿ, ಬೆಕ್ಕು, ಕುದುರೆ, ಆಡುಗಳಿಗೆ ಕೊಟ್ಟು ನೋಡಿದನು. ಮಾಂಸಾಹಾರಿಗಳಿಗೆ ಬೇಗನೆ ಅಮಲೇರಿತು, ಹುಲ್ಲು ಮೇಯುವುವಕ್ಕೆ ಅಷ್ಟಾಗಿ ತಟ್ಟಲಿಲ್ಲ. ಆಮೇಲೆ ರೋಗಿಗಳ ಸರದಿ.

1839ರಲ್ಲಿ ಓದಿದ ಪ್ರಬಂಧದಲ್ಲಿ ಅವನು ವಾತರೋಗ, ಕಾಲರಾ, ಧನುರ್ವಾಯು, ಹುಚ್ಚುನಾಯಿ ಕಡಿತದ ರೋಗಿಗಳ ವೃತ್ತಾಂತವನ್ನು ಕೊಟ್ಟನು. ಹುಚ್ಚುನಾಯಿ ಕಡಿದವನು ಬದುಕಲಿಲ್ಲ. ಆದರೆ ನೀರನ್ನು ಕಂಡರೇ ಬೆದರುತ್ತಿದ್ದವನು ಸಂಕಟ ಕಡಿಮೆಯಾಗಿ ಶಾಂತನಾಗಿ ಸತ್ತನು. ಎಲ್ಲಕ್ಕಿಂತ ಮುಖ್ಯವಾದುದು ನಲವತ್ತು ದಿನದ ಒಂದು ಹೆಣ್ಣು ಕೂಸಿನದು. ಅದಕ್ಕೆ ಸೆಳವಿನ ಮೇಲೆ ಸೆಳವು. ಜಿಗಣೆ, ಅಫೀಮು ಮೊದಲಾದುವೆಲ್ಲ ಸೋತುವು. ಗಾಂಜಾದ ಅರಕನ್ನು ಒಂದೇ ಹನಿಯಿಂದ ಪ್ರಾರಂಭಿಸಿ ಏರಿಸುತ್ತ ಹೋಗಲಾಗಿ ಸೆಳವು ನಿಂತು ಮಗು ಮೈದುಂಬಿಕೊಂಡಿತು.

ರಜೆಯ ಮೇಲೆ ಹಿಂದಿರುಗುವಾಗ ಓಶಾನಸ್ಸಿ ಗಾಂಜಾವನ್ನು ಜೊತೆಗೊಯ್ದನು. ಲಂಡನ್ನಿನಲ್ಲಿ ಪೀಟರ್ ಸ್ಕ್ವೈರ್ ಎಂಬ ಔಷಧಕಾರನು ಅದರ ಸಾರವನ್ನು ತೆಗೆದು ಮಾರಾಟಕ್ಕಿಟ್ಟನು. ವೈದ್ಯರು ನಿದ್ರಾನಾಶಕ್ಕೂ ಅರೆತಲೆನೋವಿಗೂ ಬರೆದುಕೊಡತೊಡಗಿದರು.

ಹಾಗಾದರೆ ಅದು ಕೈಬಿಟ್ಟುದೇಕೆ? ಸರಕಾರದ ನಿಷೇಧವೇ ಕಾರಣವೆಂದು ಈಗ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಇದು ಅರ್ಧ ಸತ್ಯವಾಗಿ ಮಾತ್ರ ತೋರುತ್ತದೆ. ಕಲ್ಕತ್ತೆಯಲ್ಲಿ ಒಂದು ಗ್ರೇನ್, ಎಂದರೆ ಅರ್ಧ ಗುಲಗಂಜಿ ತೂಕದ ಅಂಟನ್ನು ತಿಂದ ವಾತರೋಗಿ ಮೇಣದ ಬೊಂಬೆಯಾದನು: ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಲಂಡನ್ನಿನಲ್ಲಿಯಾದರೋ ಹಡಗಿನಲ್ಲಿ ತಿಂಗಳುಗಟ್ಟಲೆ ಒಣಗಿದ ಸರಕಿನ ಪ್ರತಿಯೊಂದು ಸೀಸೆಯ ಶಕ್ತಿಯೂ ಬೇರೆ ಬೇರೆ. ಒಬ್ಬನಿಗೆ ಏನೂ ಆಗದು, ಮತ್ತೊಬ್ಬನು ಪ್ರಜ್ಞೆ ತಪ್ಪುವನು. ಎಷ್ಟು ಕೊಟ್ಟೆನೆಂದು ತಿಳಿಯದೆ ವೈದ್ಯನು ಕೊಡುವುದಾದರೂ ಹೇಗೆ? ಅಫೀಮಿನಿಂದ ಮಾರ್ಫೀನನ್ನು ಹತ್ತೊಂಬತ್ತನೆಯ ಶತಮಾನದ ಮೊದಲಿಗೇ ಬೇರ್ಪಡಿಸಿದ್ದರು. ಅದು ನೀರಿನಲ್ಲಿ ಕರಗುತ್ತದೆ. ಸೂಜಿಮದ್ದು ಬಂದ ಮೇಲೆ ಅದರದೇ ರಾಜ್ಯ. 1899ರಲ್ಲಿ ಆಸ್ಪಿರಿನ್ ಬಂದಿತು. ನೀರಿಗೂ ಸೂಜಿಗೂ ಒಗ್ಗದ ಗಾಂಜಾ ಹಿಂದೆ ಬಿದ್ದಿತು.

ಈ ಮಧ್ಯೆ 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ ಏಳು ಮಂದಿಯ ಒಂದು ಆಯೋಗ ನೇಮಕವಾಯಿತು, ಮೂವರು ಭಾರತೀಯರು. 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು ಅವರು ಹೊರಟುಬಂದ ನಿರ್ಣಯ ಇದು: ಮಿತವಾದ ಸೇವನೆಯಿಂದ ಗಮನಾರ್ಹವಾದ ಹಾನಿಯಿಲ್ಲ, ಅತಿಯಿಂದ ಉಂಟು, ನಿಷೇಧಕ್ಕಿಂತ ತೆರಿಗೆಯೂ ಹತೋಟಿಯೂ ಲೇಸು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತೆರೆದು ನೋಡಲು, 'ಕಾರಣ: ಗಾಂಜಾ' ಎಂದು ಬರೆದಿದ್ದ ಎಷ್ಟೋ ಕಡೆ ಯಾವ ವಿಚಾರಣೆಯೂ ನಡೆದಿರಲಿಲ್ಲ, ಗುಮಾಸ್ತನು ಖಾಲಿ ಮನೆಯನ್ನು ತುಂಬಿದ್ದನು, ಅಷ್ಟೆ.

ಈ ವರದಿಯನ್ನು ಮುಂದಿನವರು ಓದಿದಂತೆ ಕಾಣುವುದಿಲ್ಲ. ಬ್ರಿಟಿಷ್ ಔಷಧಕೋಶ 1932ರಲ್ಲಿ ಗಾಂಜಾವನ್ನು ಕೈಬಿಟ್ಟಿತು. ಅಮೆರಿಕವು 1937ರಲ್ಲಿ ಭಾರಿ ತೆರಿಗೆಯ ಶಾಸನ ಮಾಡಿತು. 1961ರ ಅಂತರರಾಷ್ಟ್ರೀಯ ಒಪ್ಪಂದವು ಇದನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ 1985ರ ಮಾದಕ ವಸ್ತುಗಳ ಕಾಯಿದೆ ಗಾಂಜಾ ಚರಸ್ಸುಗಳನ್ನು ನಿಷೇಧಿಸಿ ಬರಿಯ ಎಲೆಯನ್ನು ಬಿಟ್ಟುಕೊಟ್ಟಿತು. ಅದೇ 1985ರಲ್ಲಿ ಅಮೆರಿಕವು, ಅರ್ಬುದದ ಚಿಕಿತ್ಸೆಯಿಂದಾಗುವ ವಾಂತಿಗೆಂದು, ಗಾಂಜಾದ ಸತ್ತ್ವವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಗುಳಿಗೆಗೆ ಅನುಮತಿ ಕೊಟ್ಟಿತು!

ಆ ಸತ್ತ್ವ ಕೈಗೆ ಸಿಕ್ಕಿದುದು 1964ರಲ್ಲಿ. ಇಸ್ರೇಲಿನ ರಾಫೇಲ್ ಮೆಷೂಲಂ ಪೋಲೀಸರಿಂದ ಐದು ಕಿಲೋ ಚರಸ್ಸನ್ನು ಕೇಳಿ ಪಡೆದು ಬಸ್ಸಿನಲ್ಲಿ ತಂದು, ಯೆಹಿಯೆಲ್ ಗಾವೋನಿಯವರೊಡನೆ ಅಮಲಿನ ದ್ರವ್ಯವಾದ ಟೆಟ್ರಾಹೈಡ್ರೊಕ್ಯಾನಬಿನಾಲನ್ನು ಶುದ್ಧವಾಗಿ ಬೇರ್ಪಡಿಸಿದರು. ಓಶಾನಸ್ಸಿಗೆ ಇಲ್ಲದಿದ್ದ ಅಳತೆ ಕೊನೆಗೂ ದೊರೆಯಿತು. 1992ರಲ್ಲಿ ನಮ್ಮ ಮಿದುಳೇ ತಯಾರಿಸುವ, ಅದೇ ಬಗೆಯ ಕೆಲಸ ಮಾಡುವ ದ್ರವ್ಯವೊಂದು ಗೊತ್ತಾದಾಗ ಅವರ ತಂಡ ಅದಕ್ಕೆ ಸಂಸ್ಕೃತದ ಆನಂದ ಶಬ್ದದಿಂದ 'ಆನಂದಮೈಡ್' ಎಂದು ಹೆಸರಿಟ್ಟಿತು.

ಗಿಡದಲ್ಲಿ ಅಮಲೇರಿಸದ ಇನ್ನೊಂದು ದ್ರವ್ಯವುಂಟು, ಕ್ಯಾನಬಿಡಯಾಲ್. ಎಳೆಯ ಮಕ್ಕಳನ್ನು ಕಾಡುವ, ಬೇರೆ ಮದ್ದಿಗೆ ಬಗ್ಗದ ಎರಡು ಬಗೆಯ ಅಪಸ್ಮಾರಗಳಿಗೆ ಅದನ್ನು 2018ರಲ್ಲಿ ಅಮೆರಿಕದಲ್ಲಿ ಅಂಗೀಕರಿಸಿದರು. ಸೆಳವು ಪೂರ್ತಿ ಹೋಗದು, ಕಡಿಮೆಯಾಗುವುದು. ಯಕೃತ್ತಿನ ಪರೀಕ್ಷೆ ಆಗಾಗ ನಡೆಯುತ್ತಿರಬೇಕು. ಕಲ್ಕತ್ತೆಯ ಆ ಕೂಸಿಗೆ ಹನಿ ಹಾಕಿ ಆಗ 179 ವರ್ಷಗಳಾಗಿದ್ದುವು. ಇದರಿಂದ ಚಿಲುಮೆಯೆಲ್ಲ ಔಷಧವೆಂದು ತಿಳಿಯಬಾರದು: ಎಳೆಯ ವಯಸ್ಸಿನವರು ಅಮಲಿನ ಗಾಂಜಾವನ್ನು ಸೇದುವುದರಿಂದ ಚಿತ್ತವಿಕಾರದ ಅಪಾಯ ಹೆಚ್ಚುವುದೆಂದು ಇತ್ತೀಚಿನ ಸಂಶೋಧನೆಗಳೇ ಹೇಳುತ್ತವೆ.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗದಲ್ಲಿ, 1961ರ ಆ ಅತಿ ಕಠಿಣವಾದ ಪಟ್ಟಿಯಿಂದ ಗಾಂಜಾವನ್ನು ತೆಗೆಯಬೇಕೇ ಎಂಬ ಪ್ರಶ್ನೆ ಮತಕ್ಕೆ ಬಂದಿತು. ಪರವಾಗಿ 27, ವಿರೋಧವಾಗಿ 25. ಪರವಾಗಿ ಕೈಯೆತ್ತಿದ ದೇಶಗಳಲ್ಲಿ ಭಾರತವೂ ಒಂದು.