ಹಳೆಯ ದೊಡ್ಡ ಕಾರು, ಹೊಸ ಚಿಕ್ಕ ಕಾರು

ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಾಗ, ತಾವು ಹೊಸದಾಗಿ ಕೊಂಡ ಕಾರನ್ನು ತೋರಿಸಿ ನಮಸ್ಕರಿಸಿ ಹೋಗುವುದು ಈಗೊಂದು ರೂಢಿಯಾಗಿದೆ. ಬ್ಯಾಂಕಿನ ಸಾಲ ಮಂಜೂರಾದ ಕೆಲವೇ ದಿನಗಳಲ್ಲಿ ಕಾರು ಬಾಗಿಲಿಗೆ ಬರುವ ಕಾಲವಿದು. ಒಂದು ಕಾಲದಲ್ಲಿ ನಮ್ಮ ಮೈಸೂರಿನ ಅನುಕೂಲಸ್ಥರು ವರ್ಷಗಟ್ಟಲೆ ಬೇರೊಬ್ಬರು ಬಳಸಿ ಬಿಟ್ಟ ಕಾರುಗಳಲ್ಲೇ ಓಡಾಡುತ್ತಿದ್ದರೆಂದರೆ ಇವರಿಗೆ ನಂಬಿಕೆ ಬರುವುದಿಲ್ಲ. ಅವೂ ಸಣ್ಣ ಕಾರುಗಳಲ್ಲ. ಷೆವರ್ಲೆ, ಡಾಡ್ಜ್, ಪ್ಲಿಮತ್‌ಗಳಂಥ ಭಾರಿ ವಾಹನಗಳು. “ಅಷ್ಟು ದೊಡ್ಡ ಕಾರು ಇಟ್ಟುಕೊಂಡವರು ಒಂದು ಹೊಸ ಕಾರನ್ನು ಏಕೆ ಕೊಳ್ಳಲಿಲ್ಲ, ಮೇಷ್ಟ್ರೇ?” ಎಂದು ಶಿಷ್ಯನೊಬ್ಬ ಕೇಳಿದ. ಅವನಿಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಚರಿತ್ರೆಯನ್ನು ಕೆದಕಬೇಕು.

ಸ್ವಾತಂತ್ರ್ಯಕ್ಕೆ ಮೊದಲು ಹೊಸ ಕಾರು ಕೊಳ್ಳಲು ಬೇಕಾಗಿದ್ದುದು ಹಣ ಮಾತ್ರ. ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿಯೇ ಮುಂಬಯಿಯಲ್ಲಿ, ಹೊರದೇಶದಿಂದ ತರಿಸಿದ ಬಿಡಿಭಾಗಗಳನ್ನು ಜೋಡಿಸಿ ಕಾರು ಮಾರತೊಡಗಿತ್ತು. ಅರಮನೆಯವರು, ಹಿರಿಯ ಅಧಿಕಾರಿಗಳು, ಕಾಫಿ ತೋಟದ ಧಣಿಗಳು, ಹೆಸರಾಂತ ವಕೀಲರು ಮತ್ತು ವೈದ್ಯರು ಅವನ್ನು ಕೊಳ್ಳುತ್ತಿದ್ದರು. ಆದರೆ ಜೋಡಿಸುವುದು ಬೇರೆ, ತಯಾರಿಸುವುದು ಬೇರೆ. ಈ ಭೇದವನ್ನು ಚೆನ್ನಾಗಿ ಅರಿತಿದ್ದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಯುರೋಪು, ಅಮೆರಿಕಗಳಲ್ಲಿ ಸಂಚರಿಸಿ, ಭಾರತದಲ್ಲಿಯೇ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಪ್ರೋತ್ಸಾಹವಿಲ್ಲದೆ ಆ ಕನಸು ಅಂದು ಕೈಗೂಡಲಿಲ್ಲ. ಅದೇ ವಾಲಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ.

ಸ್ವಾತಂತ್ರ್ಯಾನಂತರ ಸರ್ಕಾರವು ಸ್ವದೇಶೀ ತಯಾರಿಕೆಗೆ ಆದ್ಯತೆ ನೀಡಿತು. ಸುಂಕ ಆಯೋಗದ ವರದಿಯ ಫಲವಾಗಿ 1953ರಿಂದ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆಯುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವೆಂದಾಯಿತು. ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಕೊಳ್ಳುವವರಿಗೆ ಕೊನೆಗೆ ಉಳಿದದ್ದು ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್. ತಯಾರಾಗುತ್ತಿದ್ದುದು ಅಲ್ಪ, ಬೇಕೆಂದವರು ಅಪಾರ. 1959ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೂ ನಿಯಂತ್ರಣದ ಆಜ್ಞೆ ಬಂದಿತು. ಫಿಯೆಟ್ ಕಾರಿಗೆ ಹೆಸರು ನೋಂದಾಯಿಸಿದವರು ವರ್ಷಾನುಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿತ್ತು. ಇದರಿಂದಾದ ವಿಚಿತ್ರವನ್ನು ನೋಡಿ: ಒಂದೆರಡು ವರ್ಷ ಓಡಿದ ಫಿಯೆಟ್, ಕಾರ್ಖಾನೆಯ ಹೊಸ ಫಿಯೆಟ್ಟಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು!

ಹೀಗಿರುವಾಗ ತಕ್ಷಣ ಕಾರು ಬೇಕಾದವರಿಗೆ ಹಳೆಯ ವಿದೇಶೀ ಕಾರೇ ಸುಲಭದ ದಾರಿಯಾಯಿತು. ತೋಟದ ಧಣಿಗಳು ಮಾರಿದ ಕಾರುಗಳಿದ್ದವು. ರಾಯಭಾರಿಗಳು ಬಿಟ್ಟುಹೋದ ಕಾರುಗಳನ್ನು ದೆಹಲಿಯಲ್ಲಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾದ ಮೇಲೆ ದೇಶದ ಅನೇಕ ಅರಮನೆಗಳ ವಾಹನಗಳೂ ಹೊರಬಂದವು.

ಇಂಥ ಕಾರುಗಳ ಸಹವಾಸವನ್ನು ನಾನು ಕಂಡದ್ದು ನಮ್ಮ ಸೋದರಮಾವನ ಮನೆಯಲ್ಲಿ. ಅವರು ಒಳ್ಳೆಯ ವಕೀಲರು. ಇಪ್ಪತ್ತು ವರ್ಷಗಳಲ್ಲಿ ಎರಡು ಅಮೆರಿಕನ್ ಕಾರುಗಳನ್ನೂ ಒಂದು ಜರ್ಮನ್ ಕಾರನ್ನೂ ಇಟ್ಟಿದ್ದರು. ಮೂರೂ ಸೆಕೆಂಡ್ ಹ್ಯಾಂಡ್. ದಸರೆಗೆ ಬಂದ ನೆಂಟರಿಷ್ಟರು ಒಂಬತ್ತು ಮಂದಿ ಒಟ್ಟಿಗೆ ಕುಳಿತರೂ ಇನ್ನೊಂದು ಮಗುವಿಗೆ ಜಾಗವಿರುತ್ತಿತ್ತು. ಆದರೆ ಚಾಮುಂಡಿ ಬೆಟ್ಟದ ಏರಿನಲ್ಲಿ ರೇಡಿಯೇಟರಿಗೆ ನೀರು ಕುಡಿಸಲು ಎರಡು ಕಡೆ ನಿಲ್ಲಲೇಬೇಕು. “ನಿಮ್ಮ ಕಾರಿಗೆ ಅಂತಸ್ತು ಗೊತ್ತು, ಏರು ಗೊತ್ತಿಲ್ಲ” ಎಂದು ಅತ್ತೆ ಹಾಸ್ಯಮಾಡುತ್ತಿದ್ದರು.

ಆ ಕಾರುಗಳನ್ನು ನಡೆಸುತ್ತಿದ್ದವರು ಮಾವ; ಬದುಕಿಸಿಟ್ಟಿದ್ದವರು ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೆಕ್ಯಾನಿಕ್. ನಾವೆಲ್ಲ ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದೆವು. ಅಮೆರಿಕದಿಂದ ಬಾರದ ಬಿಡಿಭಾಗವನ್ನು ಅವರು ಲೇತಿನಲ್ಲಿ ಕಡೆಸುತ್ತಿದ್ದರು. ಲಾರಿಯ ಭಾಗವನ್ನು ಉಜ್ಜಿ ಕಾರಿಗೆ ಹೊಂದಿಸುತ್ತಿದ್ದರು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಎಷ್ಟೋ ದೊಡ್ಡ ಕಾರುಗಳು ಡೀಸೆಲ್ ಎಂಜಿನ್ ಹೊತ್ತು ಟ್ಯಾಕ್ಸಿಗಳಾದವು. ಆ ಕಸಿಯನ್ನು ಮಾಡಿದ್ದೂ ಇಂಥ ಕೈಗಳೇ.

ನಮ್ಮಂಥ ಉಪಾಧ್ಯಾಯರಿಗೆ ಕಾರಿನ ಮಾತೇ ದೂರ. ನಾವು ಕಂಡ ಹೊಸ ವಾಹನವೆಂದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್. 1961ರಿಂದ ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಅದು ಮೈಸೂರಿನ ಬೀದಿಗಳನ್ನು ತುಂಬಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರಿನ ಸರದಿಯ ಕಥೆ ಬದಲಾದದ್ದು ಮಾರುತಿ 800 ಬಂದಾಗ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಗ್ರಾಹಕರೊಬ್ಬರಿಗೆ ಕೊಟ್ಟರು. ಬೆಲೆ ಸುಮಾರು 47,500 ರೂಪಾಯಿ. ಹತ್ತು ಸಾವಿರ ಮುಂಗಡ ಕಟ್ಟಿ ಹೆಸರು ಬರೆಸಿದವರು ಲಕ್ಷಕ್ಕೂ ಮೀರಿದ್ದರು. ಅವರಲ್ಲಿ ನಮ್ಮ ಮಾವನೂ ಒಬ್ಬರು.

ಅದಕ್ಕೆ ಕಾರಣ ಜಂಬವಲ್ಲ. ಅದೇ ವರ್ಷದ ಮಳೆಗಾಲದ ಒಂದು ನಡುರಾತ್ರಿ ಅತ್ತೆಗೆ ಉಬ್ಬಸ ಜೋರಾಯಿತು. ಷೆಡ್ಡಿನಲ್ಲಿದ್ದ ದೊಡ್ಡ ಕಾರು ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಜಟಕಾ ಗಾಡಿಯವನನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕಾಯಿತು. ಗುಣವಾಗಿ ಬಂದ ಅತ್ತೆ ಹೇಳಿದ್ದು ಒಂದೇ ಮಾತು: “ನನಗೆ ಅಂತಸ್ತು ಬೇಡ. ಕೀ ತಿರುಗಿಸಿದರೆ ಹೊರಡುವ ಕಾರು ಸಾಕು.”

ಸರದಿ ಬಂದು ಬಿಳಿಯ ಮಾರುತಿ ಮನೆಗೆ ಬಂದಾಗ, ಕೋರ್ಟಿನ ಗೆಳೆಯರು ಅದನ್ನು ಬೆಂಕಿಪೊಟ್ಟಣವೆಂದು ನಕ್ಕರು. ಮಾವ ನಕ್ಕು ಸುಮ್ಮನಾದರು. ಅರವತ್ತು ದಾಟಿದ್ದ ಆ ಮನುಷ್ಯ ತನ್ನ ಹೆಸರಿನಲ್ಲೇ ಮೊದಲ ಬಾರಿಗೆ ನೋಂದಣಿಯಾದ ಕಾರನ್ನು ಕಂಡದ್ದು ಅಂದೇ. ಅತ್ತೆ ನಿಶ್ಚಿಂತೆಯಿಂದ ನಿದ್ರಿಸಿದರು. ಸಾಹೇಬರು ಬಂದು ಬಾನೆಟ್ ತೆಗೆಸಿ, ಪುಟ್ಟ ಎಂಜಿನ್ನನ್ನು ಬಹಳ ಹೊತ್ತು ನೋಡಿದರು. “ಇದು ಕೆಟ್ಟರೆ ತಾನೇ ನನಗೆ ಕೆಲಸ, ಸ್ವಾಮಿ? ಆದರೂ ಅಮ್ಮಾವ್ರಿಗೋಸ್ಕರ, ಕೆಡದಿರಲಿ ಅಂತ ನಾನೇ ದುವಾ ಮಾಡ್ತೀನಿ” ಎಂದರು. ಕೆಲವು ವರ್ಷಗಳಲ್ಲಿ ಅವರ ಗ್ಯಾರೇಜು ಮುಚ್ಚಿತು. ಅವರ ಮಕ್ಕಳು ಬೇರೆ ಕಸುಬು ಹಿಡಿದರು.

ಹೊಸ ಕಾರು ಒಳ್ಳೆಯದೇ. ಅತ್ತೆಯ ಆ ರಾತ್ರಿಯನ್ನು ಕಂಡ ನಾನು ಬೇರೆ ಮಾತನ್ನು ಹೇಳಲಾರೆ. ಆದರೆ ಮೂವತ್ತು ವರ್ಷ ಕಾಲ ದೇಶಕ್ಕೆ ಬೇಕಾದಷ್ಟು ಕಾರುಗಳು ತಯಾರಾಗದಿದ್ದಾಗ, ಆ ಕೊರತೆಯನ್ನು ತುಂಬಿದ್ದು ಇಂಥ ಹೆಸರಿಲ್ಲದ ಕುಶಲಕರ್ಮಿಗಳ ವಿದ್ಯೆ. ಕೊರತೆ ನೀಗಿದಾಗ ಅವರ ವಿದ್ಯೆಗೆ ಬೆಲೆ ಕಟ್ಟುವವರಿರಲಿಲ್ಲ.

ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಯಲ್ಲಿ, ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳಿಗಾಗಿ ‘ಪಯಣ’ ಎಂಬ ವಸ್ತುಸಂಗ್ರಹಾಲಯ 2023ರಲ್ಲಿ ಆರಂಭವಾಗಿದೆ. ನಿಮ್ಮ ಹೊಸ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಅಲ್ಲಿಗೆ ಹೋಗಿಬನ್ನಿ. ಆ ಕಾರುಗಳ ಒಡೆಯರ ಹೆಸರನ್ನು ಫಲಕಗಳು ತಿಳಿಸಬಹುದು. ಅವನ್ನು ಅಷ್ಟು ವರ್ಷ ಓಡುವಂತೆ ಇಟ್ಟವರ ವಿಷಯವನ್ನು ಮಾತ್ರ ಮಕ್ಕಳಿಗೆ ನೀವೇ ಹೇಳಬೇಕಾಗುತ್ತದೆ.