ಗೋಳದ ಘನಫಲ

ಒಂದು ನಿಯತ ಬಿಂದುವಿನಿಂದ ಸಮಾನ ದೂರದಲ್ಲಿರತಕ್ಕ ಸಮಸ್ತ ಬಿಂದುಗಳು ಕೂಡಿ ಆದ ಮೇಲ್ಮೈ ತನ್ನೊಳಗೆ ಆವರಿಸಿಕೊಂಡಿರುವ ಅವಕಾಶದ ಪರಿಮಾಣಕ್ಕೆ ಗೋಳದ ಘನಫಲವೆಂದು ಹೆಸರು. ಆ ನಿಯತ ಬಿಂದು ಗೋಳದ ಕೇಂದ್ರ, ಆ ದೂರ ತ್ರಿಜ್ಯ, ತ್ರಿಜ್ಯದ ಇಮ್ಮಡಿ ವ್ಯಾಸ. ತ್ರಿಜ್ಯದ ಘನವನ್ನು ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯಾದ ಪೈಯಿಂದ, ಎಂದರೆ ಸುಮಾರು 3.1416ರಿಂದ ಗುಣಿಸಿ, ಬಂದುದನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಘನಫಲ ಲಭಿಸುತ್ತದೆ. ವ್ಯಾಸವನ್ನೇ ಹಿಡಿದು ಲೆಕ್ಕಮಾಡುವವರು ಅದರ ಘನವನ್ನು 0.5236ರಿಂದ ಗುಣಿಸಿದರೆ ಸಾಕು.

ಕುಣಿಗಲ್ಲು, ಗುಬ್ಬಿ, ತಿಪಟೂರುಗಳನ್ನೊಳಗೊಂಡ ತೆಂಗಿನ ಸೀಮೆಯಲ್ಲಿ ಘನಫಲದ ಉದಾಹರಣೆಗೆ ಪಾಠಪುಸ್ತಕದ ಚೆಂಡನ್ನು ಅರಸಬೇಕಾಗಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಕಾಲ ಇಟ್ಟು, ಒಳಗಣ ನೀರು ಇಂಗಿ ತಿರುಳು ಕರಟವನ್ನು ಬಿಟ್ಟ ಮೇಲೆ ಸುಲಿದು, ಕರಟವನ್ನು ಒಡೆದು ಇಡಿಯಾಗಿ ಹೊರತೆಗೆಯುವ ಉಂಡೆ ಕೊಬ್ಬರಿಯು ಒಂದು ಟೊಳ್ಳು ಗೋಳವೇ ಸರಿ. ಅದರ ಹೊರವ್ಯಾಸ 9 ಸೆಂಟಿಮೀಟರೂ ತಿರುಳಿನ ದಪ್ಪ 1 ಸೆಂಟಿಮೀಟರೂ ಇದೆಯೆಂದು ಭಾವಿಸಿದರೆ, ಒಳಗಿನ ಟೊಳ್ಳಿನ ವ್ಯಾಸ 7 ಆಗುತ್ತದೆ. ಇಡೀ ಉಂಡೆಯ ಘನಫಲ 381.7 ಘನ ಸೆಂಟಿಮೀಟರು, ಟೊಳ್ಳಿನದು 179.6, ಉಳಿದ 202.1 ಕೊಬ್ಬರಿಯದು. ತ್ರಿಜ್ಯದ ನಾಲ್ಕೂವರೆ ಪಾಲಿನಲ್ಲಿ ಒಂದೇ ಪಾಲನ್ನು ಆಕ್ರಮಿಸಿದ ತಿರುಳು ಗೋಳದ ಅರ್ಧಕ್ಕಿಂತಲೂ ಅಧಿಕವಾದ ಅವಕಾಶವನ್ನು ತುಂಬಿರುವುದು ಕಣ್ಣಂದಾಜಿಗೆ ನಿಲುಕತಕ್ಕ ಸಂಗತಿಯಲ್ಲ. ಉದ್ದಗಳು ಒಂದೊಂದಾಗಿ ಬೆಳೆಯುವಲ್ಲಿ ಘನಫಲವು ಅವುಗಳ ಘನದಂತೆ ಬೆಳೆಯುವುದೇ ಇದಕ್ಕೆ ಕಾರಣ.

ವ್ಯಾಸ 7 ಆಗಿರುವ ಈ ಟೊಳ್ಳನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ ನಮ್ಮ ಪೂರ್ವಿಕರ ಸೂತ್ರಗಳ ತಾರತಮ್ಯ ಸ್ಪಷ್ಟವಾಗುತ್ತದೆ. ಕ್ರಿ.ಶ. 499ರ ಆರ್ಯಭಟನು ಗೋಳದ ನಡುವಣ ವೃತ್ತದ ಕ್ಷೇತ್ರಫಲವನ್ನು ಅದರದೇ ವರ್ಗಮೂಲದಿಂದ ಗುಣಿಸುವಂತೆ ವಿಧಿಸಿದನು. ಅದರಂತೆ ಬರುವುದು 238.7, ಎಂದರೆ ನಿಜಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಪೈಯ ಬೆಲೆಯನ್ನು ಅಷ್ಟು ನಿಖರವಾಗಿ ಹೇಳಿದ ಮಹಾಮತಿಯಿಂದ ಈ ಸ್ಖಲನ ಆದುದು ಸೋಜಿಗವೇ. 629ರಲ್ಲಿ ಅವನ ಗ್ರಂಥಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನು ಕಬ್ಬಿಣದ ಗುಂಡಿನ ಅಳತೆಗೆ ರೂಢಿಯಲ್ಲಿದ್ದ ಮತ್ತೊಂದು ನಿಯಮವನ್ನು ಉಲ್ಲೇಖಿಸುತ್ತಾನೆ: ತ್ರಿಜ್ಯದ ಘನದ ಅರ್ಧವನ್ನು ಒಂಬತ್ತರಿಂದ ಗುಣಿಸುವುದು. ಈ ನಿಯಮವೇ ಕನ್ನಡ ನಾಡಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಸುಮಾರು 850ರಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಖಾತವ್ಯವಹಾರ ಎಂಬ ಪ್ರಕರಣದಲ್ಲಿ ಸ್ಥೂಲಫಲವೆಂದು ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಹತ್ತನೆಯ ಒಂಬತ್ತು ಪಾಲನ್ನು ತೆಗೆದುಕೊಂಡರೆ ಸೂಕ್ಷ್ಮಫಲವೆಂದು ಆಚಾರ್ಯನು ಮುಂದುವರಿಸುತ್ತಾನೆ. ನಮ್ಮ ಟೊಳ್ಳಿಗೆ ಸ್ಥೂಲಫಲ 192.9, ಸೂಕ್ಷ್ಮಫಲ 173.6, ಮೊದಲನೆಯದು ನೂರಕ್ಕೆ ಏಳರಷ್ಟು ಮೀರುತ್ತದೆ, ಎರಡನೆಯದು ಮೂರರಷ್ಟು ತಗ್ಗುತ್ತದೆ. ತಿದ್ದುಪಡಿಯು ದೋಷವನ್ನು ಕುಗ್ಗಿಸಿತೇ ಹೊರತು, ಅದರ ಹಿಂದೆ ಯಾವ ರೇಖಾಗಣಿತದ ಯುಕ್ತಿಯಿತ್ತೆಂಬುದನ್ನು ಸೂತ್ರ ಹೇಳುವುದಿಲ್ಲ. ಮಹಾವೀರನ ಹಿರಿಮೆಯನ್ನು ಇದೊಂದರಿಂದ ಅಳೆಯುವುದು ಅನ್ಯಾಯ. ಭಿನ್ನರಾಶಿಗಳ ಛೇದಗಳಿಗೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿಯುವ ಕ್ರಮವನ್ನು ಅಷ್ಟು ತಿಳಿಯಾಗಿ ಹೇಳಿದವನು ಅವನು. ಮತ್ತೊಬ್ಬ ಗಣಿತಜ್ಞ ಶ್ರೀಧರಾಚಾರ್ಯನ ನಿಯಮವಾದರೋ, ವ್ಯಾಸಘನದ ಅರ್ಧಕ್ಕೆ ಆ ಅರ್ಧದ ಹದಿನೆಂಟನೆಯ ಒಂದಂಶವನ್ನು ಕೂಡಿಸುವುದು, ಅದು 181.0ನ್ನು ಕೊಟ್ಟು ನಿಜಕ್ಕೆ ಬಹಳ ಹತ್ತಿರ ಬರುತ್ತದೆ.

ನಿಜವಾದ ಸೂತ್ರವೂ ಅದರ ಉಪಪತ್ತಿಯೂ ಒಟ್ಟಿಗೆ ದೊರೆಯುವುದು ಎರಡನೆಯ ಭಾಸ್ಕರಾಚಾರ್ಯನಲ್ಲಿ. 1114ರಲ್ಲಿ ಜನಿಸಿದ ಈತನ ಊರಾದ ವಿಜ್ಜಡವಿಡವು ಇಂದಿನ ವಿಜಯಪುರವೆಂದು ಕೆಲವರೂ, ಖಾನದೇಶದಲ್ಲಿತ್ತೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ‘ಲೀಲಾವತಿ’ಯಲ್ಲಿ ಆತನು ವೃತ್ತದ ಕ್ಷೇತ್ರಫಲವನ್ನು ನಾಲ್ಕರಿಂದ ಗುಣಿಸಿದರೆ ಗೋಳದ ಪೃಷ್ಠಫಲವೆಂದೂ, ಪೃಷ್ಠಫಲವನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲವೆಂದೂ ವಿಧಿಸಿ, ವ್ಯಾಸ 7ನ್ನೇ ಉದಾಹರಣೆಯಾಗಿ ತೆಗೆದುಕೊಂಡು 179 ಪೂರ್ಣಾಂಕದ ಮೇಲೆ 2500ರಲ್ಲಿ 1487 ಅಂಶ ಎಂಬ ಉತ್ತರವನ್ನು ಕೊಡುತ್ತಾನೆ, ದಶಾಂಶದಲ್ಲಿ ಅದು 179.5948. ಕಾರಣವನ್ನು ತನ್ನ ‘ಗೋಳಾಧ್ಯಾಯ’ವೆಂಬ ಕೃತಿಗೆ ತಾನೇ ಬರೆದ ವಾಸನಾಭಾಷ್ಯದಲ್ಲಿ ವಿವರಿಸಿದ್ದಾನೆ. ನೆಲ್ಲಿಕಾಯಿಯ ಮೇಲಣ ಗೆರೆಗಳಂತೆ ಗೋಳದ ಮೈಯನ್ನು ಧ್ರುವದಿಂದ ಧ್ರುವಕ್ಕೆ ಹೋಳುಗಳಾಗಿ ವಿಭಾಗಿಸಿ ಪೃಷ್ಠಫಲವನ್ನು ಸಾಧಿಸಿದ ಬಳಿಕ, ಆ ಮೈಯನ್ನು ಏಕಮಾನದ ಚಿಕ್ಕ ಚಿಕ್ಕ ಚೌಕಗಳಾಗಿ ಕಲ್ಪಿಸಿಕೊಳ್ಳಬೇಕು. ಒಂದೊಂದು ಚೌಕವನ್ನೂ ತಳವಾಗಿಸಿಕೊಂಡು, ತ್ರಿಜ್ಯದಷ್ಟು ಆಳವುಳ್ಳ ಸೂಚಿಗಳು, ಎಂದರೆ ಮೊನೆಯುಳ್ಳ ಪಿರಮಿಡ್ಡುಗಳು, ತಮ್ಮ ತುದಿಗಳನ್ನು ಕೇಂದ್ರದಲ್ಲಿ ಕೂಡಿಸಿಕೊಂಡು ನಿಲ್ಲುತ್ತವೆ. ಪ್ರತಿ ಸೂಚಿಯ ಫಲ ತಳವನ್ನು ಆಳದಿಂದ ಗುಣಿಸಿದುದರ ಮೂರನೆಯ ಒಂದಂಶ. ಸೂಚಿಗಳ ಸಂಖ್ಯೆ ಪೃಷ್ಠಫಲಕ್ಕೆ ಸಮ. ಆದುದರಿಂದ ಒಟ್ಟು ಫಲ ಪೃಷ್ಠಫಲ ಮತ್ತು ತ್ರಿಜ್ಯಗಳ ಗುಣಲಬ್ಧದ ಮೂರನೆಯ ಒಂದಂಶವಾಗಲೇಬೇಕು. ಚೌಕಗಳು ಸಮತಲವಲ್ಲವೆಂಬ ಆಕ್ಷೇಪ ಅವು ಕಿರಿದಾದಷ್ಟೂ ಕರಗುತ್ತ ಹೋಗುತ್ತದೆ. ಕಲನಶಾಸ್ತ್ರದ ಅಂಕುರ ಇಲ್ಲಿಯೇ ಕಾಣುತ್ತದೆಂದರೆ ಅತ್ಯುಕ್ತಿಯಲ್ಲ.

ಇದೇ ಫಲವನ್ನು ಕ್ರಿ.ಪೂ. ಮೂರನೆಯ ಶತಮಾನದ ಗ್ರೀಕ್ ಪಂಡಿತ ಆರ್ಕಿಮಿಡೀಸನು, ಗೋಳವು ತನ್ನನ್ನು ಬಿಗಿಯಾಗಿ ಒಳಗೊಂಡ ಸ್ತಂಭದ ಮೂರನೆಯ ಎರಡಂಶವೆಂದು ಸಾಧಿಸಿದ್ದನು. ಹದಿನಾರನೆಯ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವನು ಮಲೆಯಾಳದ ‘ಯುಕ್ತಿಭಾಷಾ’ ಗ್ರಂಥದಲ್ಲಿ ಗೋಳವನ್ನು ತೆಳುವಾದ ಬಿಲ್ಲೆಗಳಾಗಿ ಸೀಳಿ ಸಂಕಲನಮಾಡುವ ಮಾರ್ಗವನ್ನು ತೋರಿಸಿದನು.

ವ್ಯವಹಾರದಲ್ಲಿ ಗೋಳದ ಕೇಂದ್ರವಾಗಲಿ ವ್ಯಾಸವಾಗಲಿ ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ; ಸುತ್ತಳತೆಯಾದರೋ ದಾರದಿಂದ ಸಿಕ್ಕುತ್ತದೆ. ಸುತ್ತಳತೆಯ ಘನವನ್ನು 59.2ರಿಂದ ಭಾಗಿಸಿದರೆ ಘನಫಲ ನೇರವಾಗಿಯೇ ಬರುತ್ತದೆ. ಗರಡಿಯವರು ಎತ್ತುವ ಗುಂಡುಕಲ್ಲಿನ ತೂಕವನ್ನು ತಕ್ಕಡಿಯಿಲ್ಲದೆ ತಿಳಿಯಲು ಇದು ಒಳ್ಳೆಯ ಉಪಾಯ. ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ ತೂಗುವ ಕರಿಕಲ್ಲಿನಲ್ಲಿ 30 ಸೆಂಟಿಮೀಟರ್ ವ್ಯಾಸದ ಗುಂಡು ಸುಮಾರು 38 ಕಿಲೋಗ್ರಾಂ ಆದರೆ, 40 ಸೆಂಟಿಮೀಟರಿನದು 90 ಕಿಲೋಗ್ರಾಮನ್ನು ಮುಟ್ಟುತ್ತದೆ. ನೋಟಕ್ಕೆ ತುಸುವೇ ದೊಡ್ಡದೆಂದು ಕೈಹಾಕಿದ ಪಟುವಿನ ಪಾಡು ಊಹಿಸಬಹುದು. ಕಾಯಿಯೋ ಕಲ್ಲೋ ಪೂರ್ಣಗೋಳವಾಗಿರದೆ ಒಂದು ಕಡೆ ನೀಳವಾಗಿದ್ದ ಪಕ್ಷದಲ್ಲಿ, ಪರಸ್ಪರ ಲಂಬವಾದ ಮೂರು ಅಡ್ಡಳತೆಗಳನ್ನು ತೆಗೆದು, ವ್ಯಾಸದ ಘನದ ಸ್ಥಾನದಲ್ಲಿ ಆ ಮೂರರ ಗುಣಲಬ್ಧವನ್ನು ಇಟ್ಟು 0.5236ರಿಂದ ಗುಣಿಸತಕ್ಕದ್ದು.